ಮಲ್ಪೆಯಾ, ಕಾಪುವಾ, ಪಡುಬಿದ್ರಿಯಾ, ಮರವಂತೆಯಾ? ಒಂದೇ ದಿನಕ್ಕೆ ಬರುವವರಿಗೆ

ಡಿಸೆಂಬರ್ ಬಂತು ಅಂದರೆ ನಮ್ಮ ಮನೆಯ ಫೋನಿಗೆ ಪುರುಸೊತ್ತಿಲ್ಲ. ಮೈಸೂರಿಂದ ಭಾವ, ಬೆಂಗಳೂರಿಂದ ಹಳೇ ಕಾಲೇಜು ಗೆಳೆಯ, ದಾವಣಗೆರೆಯಿಂದ ಅತ್ತಿಗೆಯ ಅಣ್ಣ. ಎಲ್ಲರದ್ದೂ ಒಂದೇ ಪ್ರಶ್ನೆ. "ಉಡುಪಿ ಕೃಷ್ಣ ಮಠಕ್ಕೆ ಬರ್ತಿದ್ದೀವಿ, ಒಂದು ದಿನ ಬೀಚಿಗೆ ಅಂತ ಇಟ್ಕೊಂಡಿದ್ದೀವಿ. ಯಾವುದು ಚೆನ್ನಾಗಿದೆ?" ನಾನು ತಿರುಗಿ ಕೇಳುತ್ತೇನೆ: "ಕಾರಲ್ಲಿ ಯಾರ್ಯಾರು ಇದ್ದಾರೆ?"

ಇವನು ಜಾರಿಕೊಳ್ಳುತ್ತಿದ್ದಾನೆ ಅಂದುಕೊಳ್ಳುತ್ತಾರೆ. ಆದರೆ ಈ ಬುದ್ಧಿ ನನಗೆ ಬಂದದ್ದೇ ಪೆಟ್ಟು ತಿಂದು. ಕೆಲವು ವರ್ಷಗಳ ಹಿಂದೆ ಮೈಸೂರಿನ ದೊಡ್ಡಮ್ಮನನ್ನು ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪಕ್ಕೆ ಕರೆದುಕೊಂಡು ಹೋಗಿದ್ದೆ. ಎಪ್ಪತ್ತೆರಡು ವರ್ಷ, ಮೊಣಕಾಲು ನೋವು. ದ್ವೀಪದ ಹತ್ತಿರ ದೊಡ್ಡ ಬೋಟಿನಿಂದ ಸಣ್ಣ ಬೋಟಿಗೆ ದಾಟಬೇಕಾಯಿತು. ಇದು ಏಳುವಾಗ ಅದು ಇಳಿಯುತ್ತದೆ, ನಡುವೆ ಒಂದು ಮೊಳ ನೀರು. ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, "ನಾರಾಯಣಾ" ಅಂತ ಕಾಲೆತ್ತಿದರು. ದಾಟಿದರು ಕೂಡ. ಆದರೆ ಆಮೇಲೆ ಒಂದು ತೆಂಗಿನ ಮರದ ಬುಡದಲ್ಲಿ ಕೂತವರು, ಹೋಗುವಾಗ ಮತ್ತೆ ದಾಟಬೇಕಲ್ಲ ಅನ್ನುವ ಯೋಚನೆಯಲ್ಲೇ ಎರಡು ಗಂಟೆ ಕಳೆದರು. ಕಲ್ಲೂ ನೋಡಲಿಲ್ಲ, ಕಡಲೂ ನೋಡಲಿಲ್ಲ. ಮರುದಿನ ಸಂಜೆ ಕಾಪುವಿನಲ್ಲಿ ಹೊಯ್ಗೆ (ನಿಮ್ಮ ಕಡೆ ಮರಳು) ಮೇಲೆ ಚಾಪೆ ಹಾಕಿ ಕೂರಿಸಿದೆವು. ಚರ್ಮುರಿ ತಿನ್ನುತ್ತಾ ಕತ್ತಲಾಗುವವರೆಗೂ ಏಳಲಿಲ್ಲ. "ಇಲ್ಲಿಗೇ ಮೊದಲು ಕರ್ಕೊಂಡು ಬರೋದಲ್ವೇನೋ" ಅಂತ ಬೈದರು.

ಹಾಗಾಗಿ ಈ ನಾಲ್ಕು ಬೀಚುಗಳಲ್ಲಿ ಯಾವುದು ಚಂದ ಅನ್ನುವುದಕ್ಕಿಂತ ಯಾವುದು ಯಾರಿಗೆ ಅಂತ ನೋಡುವುದು ಒಳ್ಳೆಯದು. ಕಾರಿನಲ್ಲಿ ಎಲ್ಲರಿಗಿಂತ ಕಷ್ಟ ಯಾರಿಗೋ, ಅವರಿಂದ ಲೆಕ್ಕ ಶುರು ಮಾಡಿ.

ಎಲ್ಲೆಲ್ಲಿ ಇವೆ

ರಾಷ್ಟ್ರೀಯ ಹೆದ್ದಾರಿ 66 ಕಡಲಿಗೆ ಸಮಾನಾಂತರವಾಗಿ ಓಡುತ್ತದೆ. ಮಂಗಳೂರಿಂದ ಉತ್ತರಕ್ಕೆ ಹೊರಟರೆ ಮೊದಲು ಪಡುಬಿದ್ರಿ, ಆಮೇಲೆ ಕಾಪು, ಆಮೇಲೆ ಉಡುಪಿ. ಉಡುಪಿಯಿಂದ ಎಡಕ್ಕೆ, ಅಂದರೆ ಪಡುವಣಕ್ಕೆ, ಆರು ಕಿ.ಮೀ. ಹೋದರೆ ಮಲ್ಪೆ. ಹೆದ್ದಾರಿಯಲ್ಲೇ ಮುಂದುವರಿದರೆ ಕುಂದಾಪುರ, ಅದನ್ನೂ ದಾಟಿದರೆ ಮರವಂತೆ. ಉಡುಪಿಯಿಂದ ಕಾಪು ಸುಮಾರು 13 ಕಿ.ಮೀ., ಪಡುಬಿದ್ರಿ 25ರ ಆಸುಪಾಸು, ಮರವಂತೆ ಸುಮಾರು 55. ನಕ್ಷೆಯಲ್ಲಿ ನೋಡಿದರೆ ನಾಲ್ಕನ್ನೂ ಒಂದೇ ದಿನದಲ್ಲಿ ಮುಗಿಸಬಹುದು ಅನ್ನಿಸುತ್ತದೆ. ಮುಗಿಸಬಹುದು. ಆದರೆ ಆ ದಿನ ನೀವು ನೋಡುವುದು ಮುಖ್ಯವಾಗಿ ಪಾರ್ಕಿಂಗ್ ಜಾಗಗಳನ್ನು. ಬೆಳಿಗ್ಗೆ ಒಂದು, ಸಂಜೆ ಒಂದು. ಅದಕ್ಕಿಂತ ಜಾಸ್ತಿ ಬೇಡ.

ಕಾರಿಲ್ಲದವರೂ ಹೆದರಬೇಕಿಲ್ಲ. ಮಂಗಳೂರು ಮತ್ತು ಉಡುಪಿ ನಡುವೆ ಎಕ್ಸ್‌ಪ್ರೆಸ್ ಬಸ್ಸುಗಳು ಒಂದರ ಹಿಂದೆ ಒಂದು ಓಡುತ್ತಲೇ ಇರುತ್ತವೆ. ಪಡುಬಿದ್ರಿ, ಕಾಪು ಎರಡೂ ಇದೇ ದಾರಿಯಲ್ಲಿ. ಹೆದ್ದಾರಿಯಲ್ಲಿ ಇಳಿದು ಬೀಚಿಗೆ ರಿಕ್ಷಾ ಹಿಡಿದರೆ ಆಯಿತು. ಉಡುಪಿಯಿಂದ ಮಲ್ಪೆಗೆ ಸಿಟಿ ಬಸ್ಸಿದೆ. ಬೆಂಗಳೂರಿಂದ ರೈಲಲ್ಲಿ ಬರುವವರಿಗೆ ಪಂಚಗಂಗಾ ಎಕ್ಸ್‌ಪ್ರೆಸ್ ಅನುಕೂಲ. ಸಂಜೆ ಹೊರಟು ಬೆಳಗಿನ ಜಾವಕ್ಕೆ ಉಡುಪಿ ಮುಟ್ಟಿಸುತ್ತದೆ. ನಿಲ್ದಾಣ ಇರುವುದು ಇಂದ್ರಾಳಿಯಲ್ಲಿ, ಪೇಟೆಯಿಂದ ಮೂರು ಕಿ.ಮೀ. ಆಸುಪಾಸು. ಅಷ್ಟು ಬೇಗ ಇಳಿದು ಎಂತ ಮಾಡುವುದು ಅಂತ ಕೇಳಬೇಡಿ. ಸ್ನಾನ ಮುಗಿಸಿ ಮಠಕ್ಕೆ ಹೋಗಿ, ಕನಕನ ಕಿಂಡಿಯಲ್ಲಿ ಕೃಷ್ಣನನ್ನು ನೋಡಿ, ಬನ್ಸ್ ತಿಂದು ಕಾಫಿ ಕುಡಿಯುವಷ್ಟರಲ್ಲಿ ಎಂಟು ಗಂಟೆ. ಮಲ್ಪೆಗೆ ಹೊರಡಲು ಅದೇ ಸರಿಯಾದ ಹೊತ್ತು.

ಮಲ್ಪೆ: ಗದ್ದಲ ಬೇಕೆನ್ನುವವರಿಗೆ, ದ್ವೀಪ ಬೇಕೆನ್ನುವವರಿಗೆ

ಮಲ್ಪೆ ಅಂದರೆ ಮೊದಲು ಬಂದರು, ಆಮೇಲೆ ಬೀಚು. ಬಂದರಿನ ಕಡೆ ಬೆಳಿಗ್ಗೆ ಹೋದರೆ ಮೀನು ಇಳಿಸುವುದು, ಮಂಜುಗಡ್ಡೆ ಪುಡಿ ಮಾಡುವುದು, ಹರಾಜು ಕೂಗುವುದು ಎಲ್ಲ ಒಟ್ಟಿಗೆ ನಡೆಯುತ್ತಿರುತ್ತದೆ. ಬುಟ್ಟಿ ಹಿಡಿದ ಹೆಂಗಸರು ತುಳುವಿನಲ್ಲಿ ಚೌಕಾಸಿ ಮಾಡುವುದನ್ನು ಅರ್ಥವಾಗದೆಯೂ ಕೇಳುತ್ತಾ ನಿಲ್ಲಬಹುದು. ವಾಸನೆ ತಡೆಯದವರು ಆ ಕಡೆ ಹೋಗಬೇಡಿ, ಸೀದಾ ಬೀಚಿಗೆ ನಡೆಯಿರಿ.

ಬೀಚು ಅಗಲವಾಗಿದೆ, ಇಳಿಜಾರು ಕಡಿಮೆ. ಮಕ್ಕಳು ಮೊಣಕಾಲುದ್ದ ನೀರಲ್ಲಿ ನಿಂತು ಆಡಲು ಜಾಗವಿದೆ. ಅಂಗಡಿಗಳಿವೆ, ಒಂಟೆ ಸವಾರಿ ಕಣ್ಣಿಗೆ ಬೀಳುತ್ತದೆ, ಗಾಳಿ ತುಂಬಿದ ಬಾಳೆಹಣ್ಣಿನಂಥ ಬೋಟು, ಮೇಲೆ ಪ್ಯಾರಾಸೇಲಿಂಗ್. ಬೀಚಿನ ಒಂದು ತುದಿಗೆ, ಬಂದರಿನ ಬಾಯಿಯ ಹತ್ತಿರ, ಕಡಲೊಳಗೆ ಚಾಚಿದ ಕಲ್ಲಿನ ದಿಬ್ಬದ ಮೇಲೆ ನಡೆದು ಹೋಗುವ ಸೀ ವಾಕ್ ಮಾಡಿದ್ದಾರೆ. ಮೀನು ಹಿಡಿದು ವಾಪಸ್ ಬರುವ ಬೋಟುಗಳನ್ನು ಹತ್ತಿರದಿಂದ ನೋಡಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಭಾನುವಾರ ಸಂಜೆ ಮಾತ್ರ ಇಲ್ಲಿ ಉಡುಪಿಯ ಅರ್ಧ ಊರೇ ಇರುತ್ತದೆ. ಶಾಂತಿ ಹುಡುಕಿಕೊಂಡು ಬಂದವರಿಗೆ ಅದು ಶಿಕ್ಷೆ, ಹತ್ತು ವರ್ಷದ ಹುಡುಗರಿಗೆ ಅದೇ ಹಬ್ಬ.

ಬೀಚಿನ ಹತ್ತಿರ ವಡಭಾಂಡೇಶ್ವರದಲ್ಲಿ ಬಲರಾಮನ ಗುಡಿಯಿದೆ. ಮಧ್ವಾಚಾರ್ಯರಿಗೆ ಗೋಪಿಚಂದನದ ಗಡ್ಡೆಯಲ್ಲಿ ಕೃಷ್ಣನ ಮೂರ್ತಿ ಸಿಕ್ಕಿದ್ದು ಇದೇ ಕಡಲ ದಂಡೆಯಲ್ಲಿ ಅನ್ನುವುದು ನಂಬಿಕೆ. ಬೆಳಿಗ್ಗೆ ಮಠ ನೋಡಿ ಬಂದ ಹಿರಿಯರಿಗೆ ಇದನ್ನು ಹೇಳಿದರೆ ಬೀಚಿಗೆ ಬರಲು ಅವರೇ ಮುಂದಾಗುತ್ತಾರೆ.

ಇನ್ನು ದ್ವೀಪ. ಊರವರು ತೋನ್ಸೆಪಾರ್ ಅನ್ನುತ್ತಾರೆ. ಪೋರ್ಚುಗೀಸರ ವಾಸ್ಕೋ ಡ ಗಾಮ 1498ರಲ್ಲಿ ಇಲ್ಲಿ ಇಳಿದು ಸಂತ ಮೇರಿಯ ಹೆಸರಿಟ್ಟ ಅನ್ನುವ ಕತೆ ಇದೆ. ನನಗೆ ಹೆಸರಿಗಿಂತ ಕಲ್ಲು ಮುಖ್ಯ. ಕೆರೆ ಒಣಗಿದಾಗ ತಳದ ಕೆಸರು ಚೌಕ ಚೌಕವಾಗಿ ಬಿರುಕು ಬಿಡುತ್ತದಲ್ಲ, ಹಾಗೆಯೇ ಇಲ್ಲಿ ಲಾವಾ ತಣ್ಣಗಾಗುತ್ತಾ ಕುಗ್ಗಿ ಬಿರುಕು ಬಿಟ್ಟಿದೆ. ಆ ಬಿರುಕು ಮೇಲಿಂದ ಕೆಳಗಿನವರೆಗೆ ಸೀಳಿಕೊಂಡು ಹೋಗಿ ಕಲ್ಲೆಲ್ಲ ಕಂಬ ಕಂಬವಾಗಿದೆ. ಕೆಲವಕ್ಕೆ ಐದು ಮುಖ, ಕೆಲವಕ್ಕೆ ಆರು. ಯಾರೋ ಬಡಗಿ ಅಳತೆ ಹಿಡಿದು ಕೊರೆದು ಜೋಡಿಸಿಟ್ಟ ಹಾಗೆ. ಇದು ಆದದ್ದು ಸುಮಾರು ಎಂಟೂ ಮುಕ್ಕಾಲು ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ನೆಲಕ್ಕೆ ಅಂಟಿಕೊಂಡಿದ್ದು ಬೇರೆಯಾಗುತ್ತಿದ್ದ ಕಾಲದಲ್ಲಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದೆ. ಒಮ್ಮೆ ಒಬ್ಬ ಹುಡುಗಿ ಕಂಬಗಳ ತಲೆಯ ಮೇಲೆ ಕುಂಟಾಬಿಲ್ಲೆ ಆಡುತ್ತಿದ್ದಳು. ಮನೆ ಬರೆಯುವ ಕೆಲಸವೇ ಇಲ್ಲ, ಕಲ್ಲೇ ಬರೆದಿಟ್ಟಿದೆ.

ದ್ವೀಪಕ್ಕೆ ಹೋಗುವವರು ತಿಳಿದಿರಬೇಕಾದದ್ದು ಇಷ್ಟು. ಬೋಟು ಬೀಚಿನಿಂದಲೂ ಹೊರಡುತ್ತದೆ, ಬಂದರಿನಿಂದಲೂ ಹೊರಡುತ್ತದೆ. ಅರ್ಧ ಗಂಟೆಯ ಒಳಗಿನ ಪ್ರಯಾಣ. ಜನ ತುಂಬಿದ ಮೇಲೆ ಬಿಡುವುದು ವಾಡಿಕೆ, ಹಾಗಾಗಿ ವಾರದ ದಿನ ಕಾಯಬೇಕಾಗಬಹುದು. ರಜಾ ದಿನ ಕಾಯುವುದು ಟಿಕೆಟ್ ಸಾಲಿನಲ್ಲಿ. ನೆರಳು ಕಡಿಮೆ, ಬಿಸಿಲಿಗೆ ಕಲ್ಲು ಕಾದು ಕಾಲು ಸುಡುತ್ತದೆ. ಹವಾಯಿ ಚಪ್ಪಲಿ ಜಾರುತ್ತದೆ, ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿಕೊಳ್ಳಿ. ದ್ವೀಪದ ಸುತ್ತ ಈಜುವ ಆಸೆ ಬಿಡಿ, ಕಲ್ಲಿನ ನಡುವೆ ಸೆಳೆತ ಜೋರು. ರಾತ್ರಿ ಉಳಿಯಲು ಬಿಡುವುದಿಲ್ಲ. ನನ್ನ ಮಟ್ಟಿಗೆ, ಮೊದಲ ಬೋಟಿಗೆ ಹೋಗಿ ಹನ್ನೊಂದೂವರೆಯ ಒಳಗೆ ವಾಪಸ್ ಬಂದರೆ ಸ್ವರ್ಗ. ಮಧ್ಯಾಹ್ನ ಎರಡಕ್ಕೆ ಹೋದರೆ ಕಾವಲಿಯ ಮೇಲಿನ ದೋಸೆಯ ಪಾಡು.

ಹತ್ತಿರದಲ್ಲೇ ಇನ್ನೊಂದು ಜಾಗವಿದೆ, ಹೊರಗಿನವರು ಅಷ್ಟಾಗಿ ಹೋಗುವುದಿಲ್ಲ. ಮಲ್ಪೆಯಿಂದ ಸೇತುವೆ ದಾಟಿದರೆ ಪಡುಕೆರೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ. ನಡುವೆ ತೆಂಗಿನ ಮರ, ಮೀನುಗಾರರ ಮನೆ, ಅಂಗಳದಲ್ಲಿ ಒಣಗಲು ಹರಡಿದ ಬಲೆ, ಮತ್ತೆ ಒಂದು ಸಪೂರ ರಸ್ತೆ. ಅದರಲ್ಲೇ ದಕ್ಷಿಣಕ್ಕೆ ಹೋದರೆ ಮಟ್ಟು. ಹೌದು, ಮಟ್ಟುಗುಳ್ಳದ ಮಟ್ಟು. ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದ ಆ ಹಸಿರು ಬದನೆ ಬೆಳೆಯುವ ಗದ್ದೆಗಳು ಅಲ್ಲೇ ಇವೆ. ಕಾಲಕ್ಕೆ ಸರಿಯಾಗಿ ಹೋದರೆ ಅಲ್ಲೇ ಕೊಂಡುಕೊಳ್ಳಬಹುದು. ಈ ದಾರಿಯಲ್ಲಿ ನಿಧಾನ ಹೋಗಿ. ರಸ್ತೆ ಅಲ್ಲಿನವರ ಅಂಗಳದ ಹಾಗೆ, ಹಾರ್ನ್ ಹೊಡೆದುಕೊಂಡು ನುಗ್ಗುವುದು ಚಂದವಲ್ಲ.

ಇಂಥ ದಂಡೆಯಲ್ಲೇ ಒಂದು ಬೆಳಿಗ್ಗೆ ಕೈರಂಪಣಿ ಎಳೆಯುವುದನ್ನು ನೋಡಿದ್ದೆವು. ದೋಣಿಯಲ್ಲಿ ಬಲೆ ತೆಗೆದುಕೊಂಡು ಹೋಗಿ ಕಡಲಲ್ಲಿ ಅರ್ಧಚಂದ್ರದ ಹಾಗೆ ಬಿಟ್ಟು, ಎರಡೂ ತುದಿಯ ಹಗ್ಗವನ್ನು ದಡದಿಂದ ಎಳೆಯುತ್ತಾರೆ. ಎರಡು ಸಾಲು ಜನ, ಹಗ್ಗ ಸೊಂಟಕ್ಕೆ ತಾಗಿಸಿ, ಹಿಂದಕ್ಕೆ ಹಿಂದಕ್ಕೆ ನಡೆಯುತ್ತಾರೆ. ಸಾಲಿನ ಕೊನೆಗೆ ಮುಟ್ಟಿದವನು ಹಗ್ಗ ಬಿಟ್ಟು ಓಡಿ ಮತ್ತೆ ಮುಂದೆ ಹಿಡಿಯುತ್ತಾನೆ. ಭಾವನ ಮಗ, ಬೆಂಗಳೂರಲ್ಲಿ ಮೊಬೈಲಿಂದ ತಲೆ ಎತ್ತದವನು, ಚಪ್ಪಲಿ ಬಿಚ್ಚಿ ಸಾಲಲ್ಲಿ ಸೇರಿಕೊಂಡ. ಯಾರೂ ಬೇಡ ಅನ್ನಲಿಲ್ಲ. ಮುಕ್ಕಾಲು ಗಂಟೆಯ ನಂತರ ಬಲೆಯ ಚೀಲ ಹೊಯ್ಗೆಗೆ ಬಂತು. ಒಳಗೆ ಬೂತಾಯಿ ಬೆಳ್ಳಿಯ ಹಾಗೆ ಪಟಪಟ, ಮೇಲೆ ಹದ್ದುಗಳು. ಅವನ ಅಂಗೈ ಕೆಂಪಾಗಿತ್ತು. ಒಬ್ಬ ಅಜ್ಜ ನಾಲ್ಕು ಮೀನು ಅವನ ಕೈಗೆ ಹಾಕಿ "ನಿನ್ನ ಪಾಲು" ಅಂದರು. ಇದು ಟಿಕೆಟ್ ಕೊಟ್ಟು ಸಿಗುವುದಲ್ಲ, ಸಿಕ್ಕಿದರೆ ಅದೃಷ್ಟ.

ಕಾಪು: ಸಂಜೆಗೆ

ಕಾಪುವನ್ನು ನಾನು ಯಾವಾಗಲೂ ಸಂಜೆಗೆ ಇಡುತ್ತೇನೆ. ಕಡಲ ಅಂಚಿನಲ್ಲಿ ದೊಡ್ಡ ಬಂಡೆ, ಬಂಡೆಯ ಮೇಲೆ ಕಪ್ಪು ಬಿಳಿ ಪಟ್ಟೆಯ ದೀಪಸ್ತಂಭ. ಕಟ್ಟಿದ್ದು 1901ರಲ್ಲಿ, ಎತ್ತರ ಸುಮಾರು 27 ಮೀಟರ್. ಸಂಜೆ ಸ್ವಲ್ಪ ಹೊತ್ತು ಮಾತ್ರ ಜನರನ್ನು ಮೇಲಕ್ಕೆ ಬಿಡುತ್ತಾರೆ, ಹಾಗಾಗಿ ನಾಲ್ಕು ಗಂಟೆಗೇ ಅಲ್ಲಿದ್ದರೆ ಒಳ್ಳೆಯದು. ಒಳಗೆ ಸುತ್ತು ಮೆಟ್ಟಿಲು. ಮೇಲೆ ಹೋದಂತೆಲ್ಲ ಇಕ್ಕಟ್ಟು. ಇಳಿಯುವವರು ಎದುರು ಬಂದರೆ ಗೋಡೆಗೆ ಬೆನ್ನು ಅಂಟಿಸಿ ಜಾಗ ಕೊಡಬೇಕು. ಮೇಲೆ ಹೊರಗೆ ಕಾಲಿಟ್ಟ ಕೂಡಲೇ ಗಾಳಿ ಮುಖಕ್ಕೆ ಹೊಡೆಯುತ್ತದೆ. ಒಂದು ಕಡೆ ಕಡಲು, ತಿರುಗಿ ನೋಡಿದರೆ ತೆಂಗಿನ ತಲೆಗಳದ್ದೇ ಇನ್ನೊಂದು ಕಡಲು. ಟೋಪಿ ಹಾಕಿದವರು ಕೈಯಲ್ಲಿ ಹಿಡಿದುಕೊಳ್ಳಿ.

ಹತ್ತಲಾಗದವರು ಕೆಳಗೆ ಕೂತರೂ ನಷ್ಟವಿಲ್ಲ. ಸೂರ್ಯ ಮುಳುಗುವಾಗ ದೀಪಸ್ತಂಭ ನೆರಳಾಗಿ ನಿಲ್ಲುವುದು ಕೆಳಗಿನಿಂದಲೇ ಚಂದ. ಡಿಸೆಂಬರಿನಲ್ಲಿ ಆರು ದಾಟುತ್ತಿದ್ದ ಹಾಗೆ ಸೂರ್ಯ ಮುಳುಗುತ್ತಾನೆ. ಮೇ ತಿಂಗಳಲ್ಲಿ ಏಳಕ್ಕೆ ಹತ್ತು ನಿಮಿಷ ಇರುವವರೆಗೂ ಕಾಯಬೇಕು. ಹೊರಗಿನಿಂದ ಬಂದವರು ಇದನ್ನು ಮರೆತು, "ಏಳಕ್ಕೆ ಬರ್ತೀವಿ, ಸನ್‌ಸೆಟ್ ನೋಡೋಣ" ಅಂತ ಡಿಸೆಂಬರಿನಲ್ಲಿ ಹೇಳುವುದುಂಟು. ಏಳಕ್ಕೆ ಬಂದರೆ ಕಾಣುವುದು ದೀಪಸ್ತಂಭದ ದೀಪ ಮಾತ್ರ.

ಬಂಡೆಗಳ ಹತ್ತಿರ ನೀರಿಗಿಳಿಯುವುದು ಬೇಡ. ಪಾಚಿ ಕಟ್ಟಿದ ಕಲ್ಲು, ಉಬ್ಬರದ ಹೊತ್ತಿಗೆ ತೆರೆ ಎಲ್ಲಿಂದ ಬಂದು ಹೊಡೆಯುತ್ತದೆ ಅಂತ ಗೊತ್ತಾಗುವುದಿಲ್ಲ. ಬಂಡೆಯ ಅಂಚಿನಲ್ಲಿ ಕಡಲಿಗೆ ಬೆನ್ನು ಹಾಕಿ ಸೆಲ್ಫಿ ತೆಗೆಯುವವರನ್ನು ನೋಡಿದರೆ ನಮಗೆ ಎದೆ ಝಲ್ ಅನ್ನುತ್ತದೆ. ದೇವಿಗೆ ನಡೆದುಕೊಳ್ಳುವವರು ಕಾಪುವಿನ ಮಾರಿಗುಡಿಗೆ ಹೋಗಿ ಆಮೇಲೆ ಬೀಚಿಗೆ ಬರಬಹುದು.

ಪಡುಬಿದ್ರಿ: ನೀರಿಗೆ ಇಳಿಯಲೇಬೇಕು ಅನ್ನುವವರಿಗೆ

ಮಗು ಸಣ್ಣದು, ಸ್ನಾನ ಮಾಡಿಸಬೇಕು, ಬಟ್ಟೆ ಬದಲಿಸಬೇಕು, ಶೌಚಾಲಯ ಶುಚಿ ಇರಬೇಕು. ಮನೆಯ ಹೆಂಗಸರ ನಿಜವಾದ ಪ್ರಶ್ನೆ ಇದೇ, ಆದರೆ ಪ್ಲಾನ್ ಮಾಡುವ ಗಂಡಸರು ಇದನ್ನು ಕೇಳುವುದೇ ಇಲ್ಲ. ಕೇಳಿದರೆ ನನ್ನ ಉತ್ತರ ಪಡುಬಿದ್ರಿಯ ಬ್ಲೂ ಫ್ಲ್ಯಾಗ್ ಬೀಚು.

ಬ್ಲೂ ಫ್ಲ್ಯಾಗ್ ಅನ್ನುವುದು ಡೆನ್ಮಾರ್ಕಿನ ಒಂದು ಸಂಸ್ಥೆ ಕೊಡುವ ಗುರುತು. ನೀರಿನ ಗುಣಮಟ್ಟ, ಸುರಕ್ಷತೆ, ಸ್ವಚ್ಛತೆ, ಹೀಗೆ 33 ಅಂಶಗಳನ್ನು ನೋಡಿ ಕೊಡುತ್ತಾರೆ. 2020ರಲ್ಲಿ ಭಾರತದ ಎಂಟು ಬೀಚುಗಳಿಗೆ ಒಟ್ಟಿಗೆ ಸಿಕ್ಕಿತು. ಅದರಲ್ಲಿ ಎರಡು ನಮ್ಮ ರಾಜ್ಯದ್ದು: ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು. ಬಾವುಟಕ್ಕಿಂತ ನಿಮಗೆ ಬೇಕಾದದ್ದು ಅದರ ಜೊತೆ ಬರುವ ವ್ಯವಸ್ಥೆ. ಈಜಲು ಗುರುತು ಹಾಕಿದ ಜಾಗ, ಜೀವರಕ್ಷಕರು, ಶವರ್, ಬಟ್ಟೆ ಬದಲಿಸುವ ಕೋಣೆ, ಗಾಲಿಕುರ್ಚಿ ಹೋಗುವ ದಾರಿ. ಒಳಗೆ ಹೋಗಲು ಟಿಕೆಟ್ ಇದೆ. "ಕಡಲು ನೋಡಲಿಕ್ಕೂ ದುಡ್ಡಾ?" ಅಂತ ನಮ್ಮ ದೊಡ್ಡಪ್ಪ ಗೊಣಗಿದ್ದರು. ಶೌಚಾಲಯಕ್ಕೆ ಹೋಗಿ ಬಂದ ಮೇಲೆ ಆ ಮಾತು ಮತ್ತೆ ಎತ್ತಲಿಲ್ಲ.

ಕೊರತೆಯೂ ಇದೆ. ಮಲ್ಪೆಯ ಹಾಗೆ ತಿಂಡಿಯ ಸಾಲು ಇಲ್ಲಿಲ್ಲ. ಹಸಿದ ಮಕ್ಕಳಿದ್ದರೆ ಹೆದ್ದಾರಿಯಲ್ಲೇ ತಿನ್ನಿಸಿ ಕರೆತನ್ನಿ. ಎಲ್ಲ ಅಚ್ಚುಕಟ್ಟು, ಸೀಟಿ ಊದುವವರು ಇರುತ್ತಾರೆ. ಹುಚ್ಚಾಪಟ್ಟೆ ಕುಣಿಯಬೇಕು ಅನ್ನುವ ಹುಡುಗರ ಗುಂಪಿಗೆ ಇದು ಶಾಲೆಯ ಮೈದಾನದ ಹಾಗೆ ಅನ್ನಿಸೀತು. ಮಂಗಳೂರಿಂದ ಬರುವವರಿಗೆ ನಾಲ್ಕರಲ್ಲಿ ಇದೇ ಹತ್ತಿರ.

ಮರವಂತೆ: ಕಣ್ಣಿಗೆ, ಕಾಲಿಗಲ್ಲ

ಫೋಟೋ ನೋಡಿ ಎಲ್ಲರೂ ಮೊದಲು ಕೇಳುವುದು ಮರವಂತೆಯನ್ನೇ. ಸರಿಯೇ. ಹೆದ್ದಾರಿಯ ಪಡುವಣಕ್ಕೆ ಕಡಲು, ಮೂಡಣಕ್ಕೆ ಸೌಪರ್ಣಿಕಾ ನದಿ. ಕೊಲ್ಲೂರಿನ ಕಡೆಯಿಂದ ಹರಿದು ಬಂದ ಹೊಳೆ ಇಲ್ಲಿ ಕಡಲನ್ನು ಮುಟ್ಟಿಯೇಬಿಟ್ಟಿತು ಅನ್ನುವಷ್ಟು ಹತ್ತಿರ ಬಂದು, ಮನಸ್ಸು ಬದಲಿಸಿದ ಹಾಗೆ ತಿರುಗಿ, ಮತ್ತೂ ಸುಮಾರು ಹತ್ತು ಕಿ.ಮೀ. ಹರಿದು ಗಂಗೊಳ್ಳಿಯ ಅಳಿವೆಯಲ್ಲಿ ಕಡಲು ಸೇರುತ್ತದೆ. ಅಲ್ಲಿ ಐದು ನದಿಗಳು ಕೂಡುವುದರಿಂದ ಪಂಚಗಂಗಾವಳಿ. ನಿಮ್ಮ ಬೆಂಗಳೂರು ರೈಲಿಗೆ ಹೆಸರು ಬಂದದ್ದು ಇದರಿಂದಲೇ.

ಸಂಜೆ ರಸ್ತೆಯ ಅಂಚಿನಲ್ಲಿ ನಿಂತರೆ ಒಂದು ಕಡೆ ತೆರೆಯ ಭೋರ್ಗರೆತ, ಬೆನ್ನ ಹಿಂದೆ ಹೊಳೆ ಎಣ್ಣೆಯ ಹಾಗೆ ಸುಮ್ಮನೆ. ಅದರಾಚೆ ಘಟ್ಟದ ನೀಲಿ ಸಾಲು. ಕೊಡಚಾದ್ರಿ ಆ ಕಡೆಯೇ. ಎಲ್ಲರೂ ಕಡಲಿಗೆ ಮುಖ ಮಾಡಿ ನಿಂತಿರುತ್ತಾರೆ. ಸೂರ್ಯ ಮುಳುಗಿದ ಮೇಲೆ ಒಮ್ಮೆ ತಿರುಗಿ ಹೊಳೆ ನೋಡಿ, ಬಣ್ಣ ಅಲ್ಲಿ ಇನ್ನೂ ಸ್ವಲ್ಪ ಹೊತ್ತು ಉಳಿದಿರುತ್ತದೆ.

ಆದರೆ ಇದು ಆಡುವ ಬೀಚಲ್ಲ. ಕಡಲ್ಕೊರೆತ ತಡೆಯಲು ದಂಡೆಯುದ್ದಕ್ಕೂ ಕಲ್ಲು ಹಾಕಿದ್ದಾರೆ, ನೀರಿನೊಳಗೆ ಚಾಚಿದ ತಡೆಗೋಡೆಗಳಿವೆ. ಅಂಥ ಗೋಡೆಯ ಬದಿಯಲ್ಲಿ ಸೆಳೆತ ಜಾಸ್ತಿ. ಪಕ್ಕದಲ್ಲೇ ಚತುಷ್ಪಥ ಹೆದ್ದಾರಿ, ಲಾರಿಗಳು ನಿಮ್ಮ ಫೋಟೋಗೆ ಅಂತ ನಿಧಾನ ಮಾಡುವುದಿಲ್ಲ. ಸಣ್ಣ ಮಕ್ಕಳ ಕೈ ಬಿಡುವ ಹಾಗೇ ಇಲ್ಲ. ಕಾರಿನಿಂದಲೇ ನೋಡಬೇಕೆನ್ನುವ ಹಿರಿಯರಿಗೆ ಮಾತ್ರ ಇದರಷ್ಟು ಸುಖದ ಜಾಗ ಇಲ್ಲ. ಇಳಿಯದೆಯೇ ಎರಡೂ ಕಡೆಯ ನೀರು ಕಾಣುತ್ತದೆ.

ಇದೊಂದಕ್ಕೇ ಉಡುಪಿಯಿಂದ ಹೋಗಿ ಬರುವುದು ನನಗೆ ದುಬಾರಿ ಅನ್ನಿಸುತ್ತದೆ. ಕೊಲ್ಲೂರಿಗೆ ಹೋಗುವವರಾದರೆ, ಇಲ್ಲ ಮುರುಡೇಶ್ವರ ನೋಡಿ ವಾಪಸ್ ಬರುವವರಾದರೆ, ಮರವಂತೆ ದಾರಿಯಲ್ಲೋ, ಸ್ವಲ್ಪವೇ ಸುತ್ತಿನಲ್ಲೋ ಸಿಗುತ್ತದೆ. ಮಧ್ಯಾಹ್ನ ಕುಂದಾಪುರದಲ್ಲಿ ಕೋಳಿ ಸಾರು, ಕೋರಿ ರೊಟ್ಟಿ ತಿಂದು ನಿಧಾನಕ್ಕೆ ಹೊರಟು ಐದಕ್ಕೆ ಅಲ್ಲಿಗೆ ಮುಟ್ಟುವ ಹಾಗೆ ನೋಡಿಕೊಳ್ಳಿ. ಒಬ್ಬಿಬ್ಬರು ಗೆಳೆಯರು, ಬೈಕು, ಹೋಗುವ ದಾರಿಯೇ ಮಜಾ ಅನ್ನುವವರು ಈ ಲೆಕ್ಕವನ್ನೆಲ್ಲ ಮರೆತು ಸುಮ್ನೆ ಹೋಗಿ ಬನ್ನಿ.

"ಗೋಕರ್ಣ?" ಅಂತ ಕೇಳುವವರಿಗೆ

ಉಡುಪಿಯಲ್ಲಿ ಉಳಿದು ಒಂದೇ ದಿನದಲ್ಲಿ ಗೋಕರ್ಣ ಬೇಡ. ಹೋಗುವುದಕ್ಕೇ ಮೂರು ಮೂರೂವರೆ ಗಂಟೆ, ಬರುವುದಕ್ಕೆ ಅಷ್ಟೇ. ಓಂ ಬೀಚು, ಕುಡ್ಲೆ, ಹಾಫ್ ಮೂನ್ ಅಂತ ಗುಡ್ಡ ಹತ್ತಿ ಇಳಿಯುವ ಊರು ಅದು, ಎರಡು ರಾತ್ರಿ ಉಳಿದರೆ ಮಾತ್ರ ದಕ್ಕುತ್ತದೆ. ಮುರುಡೇಶ್ವರ ಸುಮಾರು 100 ಕಿ.ಮೀ., ಬೆಳಿಗ್ಗೆ ಬೇಗ ಹೊರಟರೆ ಆಗುತ್ತದೆ. ಮಂಗಳೂರಲ್ಲೇ ಉಳಿದಿದ್ದರೆ ಪಣಂಬೂರು ಇದೆ, ಬಂದರಿಗೆ ಕಾಯುತ್ತಾ ನಿಂತ ಹಡಗುಗಳು ಕಾಣುತ್ತವೆ. ಸರ್ಫಿಂಗ್ ಕಲಿಯಬೇಕೆನ್ನುವವರು ಮೂಲ್ಕಿ, ಸಸಿಹಿತ್ಲು ಕಡೆ ವಿಚಾರಿಸಿ.

ನೀರಿನ ವಿಷಯ

ಇದನ್ನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಘಟ್ಟದ ಮೇಲಿನವರಿಗೆ ಕೆರೆ, ಹೊಳೆಯ ಈಜು ಗೊತ್ತಿರುತ್ತದೆ. ಕಡಲು ಬೇರೆ. ತೆರೆ ಎರಡೂ ಬದಿಯಲ್ಲಿ ಒಡೆಯುತ್ತಿದೆ, ನಡುವೆ ಮಾತ್ರ ಒಂದು ಓಣಿಯ ಹಾಗೆ ನೀರು ತೆಪ್ಪಗಿದೆ ಅಂದರೆ, "ಇಲ್ಲಿ ತೆರೆ ಇಲ್ಲ, ಮಕ್ಕಳನ್ನ ಇಲ್ಲಿ ಬಿಡೋಣ" ಅನ್ನಿಸುತ್ತದೆ. ದಡಕ್ಕೆ ಬಂದ ನೀರೆಲ್ಲ ವಾಪಸ್ ಕಡಲಿಗೆ ಓಡುವ ದಾರಿ ಅದೇ. ಸಿಕ್ಕಿಕೊಂಡರೆ ದಡದ ಕಡೆಗೇ ಈಜಲು ಹೋಗಿ ಸುಸ್ತಾಗಬೇಡಿ. ದಡಕ್ಕೆ ಸಮಾನಾಂತರವಾಗಿ, ಅಡ್ಡಕ್ಕೆ ಈಜಿ. ಆ ಓಣಿ ದಾಟಿದ ಮೇಲೆ ತೆರೆಯೇ ನಿಮ್ಮನ್ನು ದಡಕ್ಕೆ ತಳ್ಳುತ್ತದೆ. ಈಜು ಬಾರದವರು ಕೈ ಎತ್ತಿ ಕೂಗಿ. ಕುಡಿದು ನೀರಿಗಿಳಿಯುವವರಿಗೆ ಹೇಳಲು ನನ್ನಲ್ಲಿ ಒಳ್ಳೆಯ ಮಾತಿಲ್ಲ.

ಅಮಾವಾಸ್ಯೆ, ಹುಣ್ಣಿಮೆಯ ಸುತ್ತಮುತ್ತ ಉಬ್ಬರ ಇಳಿತ ಎರಡೂ ಜೋರು. ಉಬ್ಬರದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ. ನಿನ್ನೆ ಈ ಹೊತ್ತಿಗೆ ಬಂಡೆ ಒಣಗಿತ್ತು ಅಂತ ಇವತ್ತು ನಂಬಿ ಕೂರಬೇಡಿ. ಬೇರೆ ಏನೂ ತಿಳಿಯದಿದ್ದರೆ ಅಲ್ಲಿನ ಮೀನುಗಾರರನ್ನು ಕೇಳಿ. "ಇವತ್ತು ಬೇಡ ಮಾರಾಯ್ರೆ" ಅಂದರೆ ಬೇಡ, ಅಷ್ಟೆ.

ಯಾವಾಗ

ನವೆಂಬರಿನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಮಾರ್ಚ್ ಮೇಲೆ ಸೆಖೆ. ಬಿಸಿಲಿಗಿಂತ ಬೆವರು ಸುಸ್ತು ಮಾಡುತ್ತದೆ, ಬೊಂಡ (ಎಳನೀರು) ಕುಡಿದು ಕುಡಿದು ಹೊಟ್ಟೆ ತುಂಬುತ್ತದೆ. ಬೀಚಿನಲ್ಲಿ ಬಚ್ಚಂಗಾಯಿ ಕೊಯ್ದು ಕೊಡುವವರು ಆಗ ದೇವರ ಹಾಗೆ ಕಾಣುತ್ತಾರೆ. (ನಿಮ್ಮ ಕಡೆ ಕಲ್ಲಂಗಡಿ.) ಮಳೆಗಾಲ ಹತ್ತಿರ ಬಂದ ಹಾಗೆ ದ್ವೀಪದ ಬೋಟು ನಿಲ್ಲುತ್ತದೆ, ಮಳೆ ಮುಗಿದು ಕಡಲು ಇಳಿದ ಮೇಲೆಯೇ ಮತ್ತೆ ಶುರು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೂ ರಜೆ, ಮಲ್ಪೆ ಬಂದರಿನ ತುಂಬ ಬೋಟುಗಳು ಒಂದಕ್ಕೊಂದು ಅಂಟಿ ನಿಂತಿರುತ್ತವೆ. ಆಗ ಕಡಲನ್ನು ದೂರದಿಂದ ನೋಡಲು ಬನ್ನಿ. ಮಳೆಗಾಲದ ಮರವಂತೆಯನ್ನು ಕಾರಿನ ಗಾಜಿನ ಒಳಗಿನಿಂದ ನೋಡುವುದು ಒಂದು ಬೇರೆಯೇ ಅನುಭವ. ತೆರೆಯ ಹನಿ ರಸ್ತೆಗೆ ಬಂದು ಬೀಳುತ್ತದೆ.

ಇನ್ನೊಂದು ದಿನಾಂಕ ನೆನಪಿಡಿ. ಎರಡು ವರ್ಷಕ್ಕೊಮ್ಮೆ, ಸರಿಸಂಖ್ಯೆಯ ವರ್ಷಗಳಲ್ಲಿ, ಜನವರಿ 18ಕ್ಕೆ ಉಡುಪಿಯಲ್ಲಿ ಪರ್ಯಾಯ, ಅಂದರೆ ಕೃಷ್ಣನ ಪೂಜೆಯ ಸರದಿ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಹಬ್ಬ. ಪರ್ಯಾಯ ನೋಡಲೆಂದೇ ಬರುವುದಾದರೆ ಬನ್ನಿ. ಬೀಚಿಗೆ ಅಂತ ಆ ವಾರ ಬಂದರೆ ರೂಮು ಸಿಗುವುದಿಲ್ಲ, ಸಿಕ್ಕಿದರೆ ಬಾಡಿಗೆ ಕೇಳಿ ತಲೆ ತಿರುಗುತ್ತದೆ.

ಹಾಗಾದರೆ ಯಾರು ಎಲ್ಲಿಗೆ

ಈ ಸಲ ಭಾವನ ಮನೆಯವರು ಏಳು ಜನ. ಅತ್ತೆ, ಭಾವ, ಅಕ್ಕ, ಕಾಲೇಜಿನ ಮಗಳು, ಕೈರಂಪಣಿ ಎಳೆದ ಹುಡುಗ, ಭಾವನ ತಮ್ಮ, ಅವರ ಮೂರು ವರ್ಷದ ಮಗಳು. ನಾನು ಹೇಳಿದ್ದು ಹೀಗೆ. ಬೆಳಿಗ್ಗೆ ಎಂಟೂವರೆಗೆ ಮಲ್ಪೆ. ದೊಡ್ಡ ಮಕ್ಕಳಿಬ್ಬರು ಭಾವನ ಜೊತೆ ಮೊದಲ ಬೋಟಿಗೆ ದ್ವೀಪಕ್ಕೆ. ಉಳಿದವರು ವಡಭಾಂಡೇಶ್ವರ, ಆಮೇಲೆ ಬೀಚಿನ ನೆರಳಲ್ಲಿ ಪುನರ್ಪುಳಿ ಶರಬತ್ತು. ಹನ್ನೆರಡರ ಒಳಗೆ ಎಲ್ಲರೂ ಒಟ್ಟು. ಊಟಕ್ಕೆ ಮೀನು ತಿನ್ನುವವರು ಮಲ್ಪೆಯ ಹತ್ತಿರವೇ, ಬಂಗುಡೆ ಅಥವಾ ಕಾಣೆ, ರವೆ ಫ್ರೈ ಬೇಡ ಮಸಾಲೆ ಫ್ರೈ ಹೇಳಿ. ಅತ್ತೆ ಮತ್ತು ಅಕ್ಕ ಮಠದಲ್ಲಿ. ಎರಡರಿಂದ ಮೂರೂವರೆ ರೂಮಿನಲ್ಲಿ ನಿದ್ದೆ, ಇದನ್ನು ತಪ್ಪಿಸಬೇಡಿ. ನಾಲ್ಕೂಕಾಲಿಗೆ ಕಾಪು.

ಪುಟ್ಟ ಮಗಳನ್ನು ನೀರಿಗಿಳಿಸಲೇಬೇಕು ಅಂತ ಭಾವನ ತಮ್ಮ ಹಟ ಹಿಡಿದರೆ ಕಾಪುವಿನ ಬದಲು ಪಡುಬಿದ್ರಿ, ಮೂರೂವರೆಗೇ ಹೊರಡಿ ಅಂದೆ. ಮರವಂತೆ ಎಲ್ಲಿ ಅಂತ ಕಾಲೇಜಿನ ಮಗಳು ಕೇಳಿದಳು. ಮರುದಿನ ಕೊಲ್ಲೂರಿಗೆ ಹೋಗುತ್ತೀರಲ್ಲ, ಬರುವಾಗ ಸಂಜೆ ಐದಕ್ಕೆ ನಿಲ್ಲಿಸಿ ಅಂದೆ. ಅತ್ತೆ ಫೋನು ಕಸಿದುಕೊಂಡು ಕೇಳಿದರು, "ಕಾಪುನಲ್ಲಿ ಕೂರೋಕೆ ಏನಾದ್ರೂ ತರಬೇಕೇನಪ್ಪಾ?" ಚಾಪೆ ನಮ್ಮ ಮನೆಯಲ್ಲಿದೆ ಅತ್ತೆ, ಒಂದು ಶಾಲು ತನ್ನಿ, ಆರರ ಮೇಲೆ ಗಾಳಿ ಜೋರು.